ಹಡಗಲಿ ರಸ್ತೆಯ ಐದನೆಯ ಸದ್ದು

ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ, ಟಿಕೆಟ್ ಕಿಂಡಿಯಿಂದ ನಾಲ್ಕು ಹೆಜ್ಜೆ ಎಡಕ್ಕಿದ್ದ ಬೇವಿನ ಮರದ ಕೆಳಗೆ ನಾನು ನಿಂತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷ, ಶಿವರಾತ್ರಿ ಕಳೆದು ನಾಲ್ಕನೆಯ ದಿನ, ಬೆಳಿಗ್ಗೆ ಆರೂಮುಕ್ಕಾಲು ಗಂಟೆ. ಇಷ್ಟು ಖಚಿತವಾಗಿ ಬರೆಯುವುದಕ್ಕೆ ಕಾರಣವಿದೆ. ಮರುದಿನ ಹಡಗಲಿಯಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ ನಡೆದದ್ದನ್ನು ಆಮೇಲೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳಿದರು. ನಾನು ಕಂಡಷ್ಟನ್ನು ಮಾತ್ರ, ಕಂಡ ಕ್ರಮದಲ್ಲೇ ಬರೆಯುತ್ತೇನೆ.

ಕಾನಹೊಸಹಳ್ಳಿಯ ಬಸ್ಸಿನಿಂದ ಮರಿಯಪ್ಪ ಕಪ್ಪು ಟ್ರಂಕು ಹಿಡಿದು ಇಳಿದ. ನಾವಿಬ್ಬರೂ ಗಡಿಯ ಗುಡ್ಡಗಳಲ್ಲಿ ರಸ್ತೆ, ಸೇತುವೆ ಕಟ್ಟುವ ಒಂದೇ ಮಿಲಿಟರಿ ಕಂಪನಿಯಲ್ಲಿ ಹದಿನೈದು ವರ್ಷ ಇದ್ದವರು. ಅವನು ಬಂಡೆಗೆ ಮದ್ದು ತುಂಬಿ ಸಿಡಿಸುವ ಹವಾಲ್ದಾರ, ನಾನು ಉಗ್ರಾಣದವನು. ಬಿಡುಗಡೆಯಾಗಿ ಎರಡು ತಿಂಗಳಾಗಿತ್ತು. ನನಗೆ ಕೂಡ್ಲಿಗಿಯಲ್ಲೇ ಒಂದು ಗೋದಾಮಿನ ಕೆಲಸ ಸಿಕ್ಕಿತ್ತು. ಮಿಲಿಟರಿ ಗೋದಾಮಿಗೂ ಶೇಂಗಾ ಗೋದಾಮಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮರಿಯಪ್ಪನಿಗೆ ಸಿಕ್ಕಿದ್ದು ಹರಪನಹಳ್ಳಿಯ ಎಣ್ಣೆ ಮಿಲ್ಲೊಂದರಲ್ಲಿ ಗೇಟು ಕಾಯುವ ಕೆಲಸ. ಮರುದಿನ ಸಂಜೆಯೊಳಗೆ ಹೋಗಿ ಒಪ್ಪಿಕೊಳ್ಳಬೇಕಿತ್ತು.

ಅವನಿಗೆ ಅದು ಬೇಕಿರಲಿಲ್ಲ. "ನಮ್ಮಪ್ಪ ಜೀವಮಾನ ಮಂದಿ ಬಾಗ್ಲಾ ಕಾದ," ಎಂದ. "ನಾನು ಗುಡ್ಡಾ ಒಡದು ಬಂದೀನಿ. ತಿರುಗಿ ಬಾಗ್ಲಿಗೆ ನಿಂದ್ರಲ್ಲ."

ಕೊಟ್ಟೂರಿನ ಮೇಲೆ ನೇರ ಹೋದರೆ ಹರಪನಹಳ್ಳಿ ಅರ್ಧ ದಿನದ ದಾರಿ. ನಾವು ಬೇಕೆಂದೇ ಸುತ್ತು ಹಾಕಿದೆವು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಮೂರೂ ಕಡೆ ಕೆಲಸ ಕೇಳುವುದು, ಅವನ ಕೈಗೆ ಗೊತ್ತಿರುವ ಕೆಲಸ ಎಲ್ಲಿ ಸಿಕ್ಕರೂ ಅಲ್ಲೇ ಉಳಿಯುವುದು. ಎಲ್ಲಿಯೂ ಸಿಗದಿದ್ದರೆ ಮಿಲ್ಲಿನ ಗೇಟು. ಅರ್ಜಿ ಬರೆದುಕೊಡಲು ನಾನು ಜೊತೆಗಿದ್ದೆ.

ಕೊಟ್ಟೂರಿಗೆ ಟಿಕೆಟ್ಟು ಒಂದೂವರೆ ರೂಪಾಯಿ. ಮರಿಯಪ್ಪ ಕಿಟಕಿ ಬದಿಯ ಸೀಟು ಹಿಡಿದು, ಹೊರಗೆ ಕಂಡ ಪ್ರತಿ ಬಂಡೆಗೂ ಎಲ್ಲಿ ಕುಳಿ ಹೊಡೆಯಬೇಕು, ಯಾವ ಕಡೆ ಅದು ಬಿರಿಯುತ್ತದೆ ಎಂದು ನನಗೆ ಹೇಳುತ್ತಲೇ ಬಂದ. ಎದುರು ಸೀಟಿನ ಕುರಿ ಕಾಯುವ ಮುದುಕ ಬಹಳ ಹೊತ್ತು ಕೇಳಿ, ನಮ್ಮ ಗುಡ್ಡ ಏನು ಮಾಡಿತ್ತಪ್ಪ ನಿನಗೆ ಎಂದ. ಮರಿಯಪ್ಪ ನಕ್ಕ ಸದ್ದಿಗೆ ಡ್ರೈವರು ತಿರುಗಿ ನೋಡಿದ. ಅಷ್ಟು ಉಮೇದು ಅವನಿಗೆ. ನನಗೂ ಇತ್ತು. ಹದಿನೈದು ವರ್ಷದಲ್ಲಿ ಮೊದಲ ಸಲ ಯಾರ ಅಪ್ಪಣೆಯೂ ಇಲ್ಲದೆ, ನಮಗೆ ಬೇಕಾದ ಬಸ್ಸು ಹತ್ತಿದ್ದೆವು.

ಕೊಟ್ಟೂರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ದೊಡ್ಡ ಕಟ್ಟಡವೊಂದನ್ನು ಎಬ್ಬಿಸುತ್ತಿದ್ದ ಗೌಂಡಿಯ ಹತ್ತಿರ ಹೋದೆವು. ಮಿಲಿಟರಿಯಲ್ಲಿ ಬಂದೂಕು ಹಿಡಿಯಲಿಲ್ಲವೇ ಎಂದು ಆತ ಕೇಳಿದ.

"ಹಿಡದೀನ್ರಿ. ಅದಕ್ಕಿಂತ ಸುತ್ತಿಗಿ ಜಾಸ್ತಿ ಹಿಡದೀನಿ," ಎಂದ ಮರಿಯಪ್ಪ.

"ಹಂಗಾರ ಅಷ್ಟು ದೂರ ಯಾಕ ಹೋಗಿದ್ರಿ? ಇಲ್ಲೇ ಇದ್ದಿದ್ರ ನಾನೇ ಕಲಿಸ್ತಿದ್ನಲ್ಲ."

ಚಹಾ ಕುಡಿಸಿದ. ಕೆಲಸವಿಲ್ಲ ಎಂದ.

ಹಗರಿಬೊಮ್ಮನಹಳ್ಳಿ ತಲುಪಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಂಪಸಾಗರದ ಕಡೆಯಿಂದ ಬಂದ ಮೀನು, ಜೋಳದ ರೊಟ್ಟಿ ಉಂಡೆವು. ಅಲ್ಲಿಯ ಖಾಸಗಿ ಗುತ್ತಿಗೆದಾರರೊಬ್ಬರ ಗುಮಾಸ್ತ ಮರಿಯಪ್ಪನ ಬಿಡುಗಡೆ ಪುಸ್ತಕವನ್ನು ಹಾಳೆ ಹಾಳೆಯಾಗಿ ನೋಡಿ, ಎಲ್ಲ ಸರಿಯಿದೆ, ಆದರೆ ಸಿವಿಲ್ ಕೆಲಸದ ಅನುಭವ ಎಲ್ಲಿ ಎಂದು ಕೇಳಿದ.

"ಕಲ್ಲಿನೊಳಗ ಸಿವಿಲ್ ಕಲ್ಲು, ಮಿಲಿಟರಿ ಕಲ್ಲು ಅಂತ ಅದಾವೇನ್ರಿ?"

ಗುಮಾಸ್ತ ಪುಸ್ತಕ ಮುಚ್ಚಿ ವಾಪಸು ಕೊಟ್ಟ.

ಸಂಜೆ ಹಡಗಲಿಗೆ ಬಂದೆವು. ಗಾಳಿ ತಂಪಾಗಿತ್ತು, ಬಸ್‌ಸ್ಟ್ಯಾಂಡಿನ ಉದ್ದಕ್ಕೂ ಮಲ್ಲಿಗೆಯ ಬುಟ್ಟಿಗಳಿದ್ದವು. ಬಾವಿ ತೋಡಿಸುವ ಒಬ್ಬರನ್ನು ಕಂಡೆವು. ಈ ವರ್ಷದ ಬಾವಿಗಳೆಲ್ಲ ಮುಗಿದವು ಎಂದರು. ಇನ್ನುಳಿದದ್ದು ಮಿಲ್ಲಿನ ಗೇಟು. ರಾತ್ರಿ ಅಲ್ಲಿಯ ಛತ್ರದಲ್ಲಿ ತಂಗಿದೆವು.

ಮರುದಿನ ಹರಪನಹಳ್ಳಿಗೆ ಎಂಟರ ಬಸ್ಸು. ಒಂಬತ್ತನೆಯ ಕಿಲೋಮೀಟರ್ ಕಲ್ಲು ದಾಟಿ ಏರು ಶುರುವಾಗುವಲ್ಲಿ ಕೆಂಪು ಬಾವುಟ ಹಿಡಿದವನೊಬ್ಬ ಬಸ್ಸು ನಿಲ್ಲಿಸಿದ. ರಸ್ತೆ ಅಗಲ ಮಾಡಲು ಮುಂದಿನ ಬಂಡೆ ಒಡೆಯುತ್ತಿದ್ದರು. ನಾವು ಸುಮಾರು ಮೂವತ್ತು ಜನ ಕೆಳಗಿಳಿದು ಬಸ್ಸಿನ ಹಿಂದೆ ನಿಂತೆವು. ನಾನಿದ್ದದ್ದು ಬಸ್ಸಿನ ಏಣಿಯ ಹತ್ತಿರ, ಹೊರ ಅಂಚಿನಲ್ಲಿ. ಅಲ್ಲಿಂದ ಬಂಡೆ ಇನ್ನೂರು ಹೆಜ್ಜೆ, ಕಣ್ಣಿಗೆ ಅಡ್ಡಿಯಿರಲಿಲ್ಲ. ರಸ್ತೆಯ ಬಲಕ್ಕೆ, ಕಲ್ಲಿನ ಗುಡ್ಡೆಯ ಮರೆಯಲ್ಲಿ, ಬುಟ್ಟಿ ಹಿಡಿದ ಹನ್ನೊಂದು ಹೆಂಗಸರು ಕೂತಿದ್ದರು. ಸಿಡಿದ ಕಲ್ಲು ಎತ್ತಿ ಹಾಕುವ ಕೆಲಸ ಅವರದು.

ಮದ್ದು ತುಂಬಿದ ಕುಳಿ ಎಷ್ಟು ಎಂದು ಮರಿಯಪ್ಪ ಬಾವುಟದವನನ್ನು ಕೇಳಿದ. ಐದು ಎಂದ ಅವನು. ಮರಿಯಪ್ಪ ಬಲಗೈ ಎತ್ತಿ ಐದೂ ಬೆರಳು ಬಿಡಿಸಿದ. ನಮ್ಮ ಕಂಪನಿಯ ಪದ್ಧತಿ ಅದು. ಒಂದು ಸದ್ದಿಗೆ ಒಂದು ಬೆರಳು ಮಡಿಚಬೇಕು. ಒಂದು ಬೆರಳು ನೆಟ್ಟಗಿದ್ದರೂ ಅರ್ಧ ಗಂಟೆ ಯಾರೂ ಕದಲುವಂತಿಲ್ಲ. ಅಭ್ಯಾಸಬಲದಿಂದ ನನ್ನ ಕೈಯೂ ಮೇಲೆದ್ದಿತ್ತು.

ಬತ್ತಿ ಹಚ್ಚಿದ ಮೇಸ್ತ್ರಿ ಬಸಣ್ಣ ಓಡಿ ಬಂದ. ಒಂದು. ಎರಡು. ಮೂರನೆಯದು ಮತ್ತು ನಾಲ್ಕನೆಯದು ಒಂದರ ಬೆನ್ನಿಗೊಂದು. ಧೂಳು ಎದ್ದಿತು. ಆಮೇಲೆ ಏನೂ ಇಲ್ಲ. ನನ್ನ ಹೆಬ್ಬೆರಳು ನೆಟ್ಟಗಿತ್ತು. ಮರಿಯಪ್ಪನದೂ ಹಾಗೇ ಇತ್ತು.

ಮೇಸ್ತ್ರಿ ಸಿಳ್ಳೆ ಹೊಡೆದ. ಬಾವುಟ ಕೆಳಗಿಳಿಯಿತು. ಹೆಂಗಸರು ಬುಟ್ಟಿ ಹಿಡಿದು ಎದ್ದರು.

"ಪೀಛೇ ಹಟೋ! ಕೋಯಿ ನಹೀ ಹಿಲೇಗಾ!"

ಹಿಂದೆ ಸರಿಯಿರಿ, ಯಾರೂ ಕದಲಕೂಡದು ಎಂದು ಕೂಗಿದವನು ಮರಿಯಪ್ಪ. ಅಪಾಯ ಬಂದಾಗ ಹದಿನೈದು ವರ್ಷ ಅವನು ಕೂಗಿದ್ದೆಲ್ಲ ಹಿಂದಿಯಲ್ಲಿ. ಆ ಗಳಿಗೆಯಲ್ಲೂ ಬಾಯಿಗೆ ಅದೇ ಬಂತು. ಯಾರೂ ನಿಲ್ಲಲಿಲ್ಲ. ಮುಂದಿದ್ದ ದುರುಗಮ್ಮ ಎಂಬಾಕೆ, ಯಾರೋ ಹುಚ್ಚನೆಂದು ತಿಳಿದೆ ಎಂದು ಆಮೇಲೆ ಹೇಳಿದಳು. ಮರಿಯಪ್ಪ ಓಡುತ್ತಿದ್ದ. ನಾನು ಉಗ್ರಾಣದವನು, ಯಾರಿಗೂ ಜೋರಾಗಿ ಹೇಳಿ ಗೊತ್ತಿಲ್ಲ. ಆದರೂ ಎದೆ ಬಿರಿಯುವಂತೆ ಕೂಗಿದೆ: "ಹೋಗಬ್ಯಾಡ್ರೀ! ಇನ್ನಾ ಒಂದು ಐತಿ!"

ಹೆಂಗಸರು ನಿಂತರು. ಮರಿಯಪ್ಪ ಅವರ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತ. ನಾನೂ ಓಡಿ ಅವನ ಪಕ್ಕಕ್ಕೆ ಬಂದೆ. ಗಡಿಯಾರ ನೋಡಿದೆ, ಎಂಟೂ ಐವತ್ತೆರಡು.

ಎರಡು ಕೂಡಿಯೇ ಹೊಡೆದಿವೆ, ಬತ್ತಿ ಹಚ್ಚಿದವನು ನಾನೋ ನೀನೋ ಎಂದು ಮೇಸ್ತ್ರಿ ಜಗಳಕ್ಕೆ ಬಂದ. ಮರಿಯಪ್ಪ ಹೆಂಗಸರನ್ನು ಗುಡ್ಡೆಯ ಹಿಂದೆ ಕಳಿಸಿ, ಅರ್ಧ ತಾಸು ಎಂದಷ್ಟೇ ಹೇಳಿದ. ಬಸ್ಸಿನ ಹಾರನ್ನು ಕೂಗಿತು. ಕೋರ್ಟಿಗೆ ಹೊತ್ತಾಯಿತು ಎಂದು ಒಬ್ಬರು, ಮಿಲಿಟರಿಯವರಿಗೆ ಪಿಂಚಣಿ ಬರುತ್ತದೆ, ಅವರಿಗೇನು ಅವಸರ ಎಂದು ಇನ್ನೊಬ್ಬರು ದೂರಿದರು. ಹನ್ನೆರಡು ನಿಮಿಷ ಹೋಯಿತು. ಬಂಡೆಯ ಕಡೆಯಿಂದ ಹೊಗೆಯೂ ಇಲ್ಲ. ನಿಜ ಹೇಳಬೇಕೆಂದರೆ, ನಾನೇ ತಪ್ಪು ಕೇಳಿಸಿಕೊಂಡೆನೇನೋ ಎಂಬ ಅನುಮಾನ ನನಗೂ ಬಂತು.

ಹದಿನೈದನೆಯ ನಿಮಿಷಕ್ಕೆ ಮೇಸ್ತ್ರಿ, "ನಾನಾ ಹೋಗಿ ನಿಂತು ತೋರಸ್ತೀನಿ, ನೋಡ್ರಿ," ಎಂದು ಹೊರಟ. ಮರಿಯಪ್ಪ ಹಿಂದಿನಿಂದ ಅವನ ಸೊಂಟಕ್ಕೆ ತೆಕ್ಕೆ ಹಾಕಿದ. ಇಬ್ಬರೂ ದೊಪ್ಪನೆ ಬಿದ್ದರು. ಜನ ನಕ್ಕರು. ಮೇಸ್ತ್ರಿ ಕಾಲು ಝಾಡಿಸುತ್ತಿದ್ದ, ಮರಿಯಪ್ಪ ಬಿಡಲಿಲ್ಲ.

ಒಂಬತ್ತು ಗಂಟೆ ಒಂಬತ್ತು ನಿಮಿಷಕ್ಕೆ ಐದನೆಯದು ಸಿಡಿಯಿತು.

ನೆಲ ಅಲುಗಿದ್ದು ನನ್ನ ಅಂಗಾಲಿಗೆ ತಿಳಿಯಿತು. ಕೊಡದಷ್ಟು ದೊಡ್ಡ ಕಲ್ಲೊಂದು ರಸ್ತೆಯ ಮಧ್ಯಕ್ಕೆ ಬಂದು ಬಿತ್ತು. ಹೆಂಗಸರು ಕಲ್ಲು ಎತ್ತುತ್ತಿರಬೇಕಾಗಿದ್ದ ಜಾಗ ಅದು. ಮರಿಯಪ್ಪ ಮಲಗಿದ್ದಲ್ಲೇ ಹೆಬ್ಬೆರಳು ಮಡಿಚಿದ. ನಾನು ಗಡಿಯಾರ ನೋಡಿ, ನಮ್ಮ ಬಸ್ಸಿನ ಕಂಡಕ್ಟರ್ ಹಾಲಪ್ಪನಿಗೆ ಪೆನ್ನು ಕೊಟ್ಟು, ಸಮಯವನ್ನು ಒಂದು ಚೀಟಿಯಲ್ಲಿ ಬರೆಸಿದೆ.

ಸದ್ದು ಕೇಳಿ ಆ ರಸ್ತೆ ಕೆಲಸದ ಗುತ್ತಿಗೆದಾರ ಜೀಪಿನಲ್ಲಿ ಬಂದ. ಸಂಗತಿ ಕೇಳಿ ಮರಿಯಪ್ಪನ ಬೆನ್ನು ತಟ್ಟಿದ. ಇದೇ ಸಮಯವೆಂದು ನಾನು ಕೆಲಸದ ಮಾತು ಎತ್ತಿದೆ. ಆತನ ಮುಖ ಬದಲಾಯಿತು. "ಮಾತಿಗೊಮ್ಮೆ ಅರ್ಧ ತಾಸು ಕುಂತ್ರ ಮಳಿಗಾಲಕ್ಕ ರಸ್ತಿ ಮುಗೀತೈತೇನ್ರಿ? ಇಂಥೋರು ನಮಗ ಆಗಂಗಿಲ್ಲ."

ಮರಿಯಪ್ಪ ಅಂಗಿಯ ಧೂಳು ಕೊಡವಿಕೊಂಡು ಬಸ್ಸಿನ ಕಡೆ ನಡೆದ. ಆದರೆ ಬಸ್ಸು ಹೋಗುವ ಹಾಗಿರಲಿಲ್ಲ, ರಸ್ತೆ ತುಂಬ ಕಲ್ಲು ಬಿದ್ದಿತ್ತು. ಎತ್ತಿರೆಂದು ಗುತ್ತಿಗೆದಾರ ಹೇಳಿದ. ಹೆಂಗಸರು ಏಳಲಿಲ್ಲ. ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದ ದುರುಗಮ್ಮ ತಾಂಬೂಲ ಉಗಿದು, ನಿಧಾನವಾಗಿ ಹೇಳಿದಳು:

"ಮಳಿಗಾಲಕ್ಕ ರಸ್ತಿ ಮುಗೀಬೇಕು ಅಂದ್ರ, ಅಲ್ಲಿತನ ನಾವೂ ಇರಬೇಕಲ್ರಿ ಧಣಿ. ಎಣಿಸೋ ಅಣ್ಣ ಮೊದ್ಲು ಹೋಗಿ ನೋಡಿ ಬರ್ಲಿ. ನಾಳೀನೂ ಅವ್ನೇ ಎಣಿಸ್ಲಿ. ಇಲ್ಲಾಂದ್ರ ನಿಮ್ಮ ಕಲ್ಲು ನೀವಾ ಎತ್ಕೊಳ್ರಿ."

ಉಳಿದವರೂ ಬುಟ್ಟಿ ಬೋರಲು ಹಾಕಿದರು. ಬಸ್ಸಿನ ಹಿಂದೆ ಎರಡು ಲಾರಿ ಬಂದು ನಿಂತು ಹಾರನ್ನು ಹಾಕತೊಡಗಿದವು. ಕೋರ್ಟಿಗೆ ಅವಸರವಿದ್ದ ಮನುಷ್ಯನೇ ಗುತ್ತಿಗೆದಾರನ ಹತ್ತಿರ ಹೋಗಿ, ಆ ಹೆಣ್ಣುಮಗಳು ಸರಿಯಾಗಿ ಹೇಳುತ್ತಾಳೆ ಎಂದ. ಗುತ್ತಿಗೆದಾರ ಜೀಪಿಗೆ ಒರಗಿ ಬೀಡಿ ಹಚ್ಚಿದ. ನಿಂತ ಲಾರಿಗಳ ಕಡೆ ಒಮ್ಮೆ ನೋಡಿದ. ಆಮೇಲೆ ನಿನ್ನ ಹೆಸರೇನು ಎಂದು ಮರಿಯಪ್ಪನನ್ನು ಕೇಳಿದ.

ಮರಿಯಪ್ಪ ಒಬ್ಬನೇ ಬಂಡೆಯ ಹತ್ತಿರ ಹೋಗಿ, ಐದೂ ಕುಳಿ ನೋಡಿ, ಕೈ ಎತ್ತಿದ. ಹೆಂಗಸರು ಕೆಲಸಕ್ಕೆ ಇಳಿದರು. ಮುಕ್ಕಾಲು ಗಂಟೆಯಲ್ಲಿ ದಾರಿಯಾಯಿತು. ಹಾಲಪ್ಪ ಬಸ್ಸಿನ ಮೇಲಿನಿಂದ ಟ್ರಂಕು ಇಳಿಸಿಕೊಟ್ಟ.

"ಮಿಲ್ಲಿನೋರಿಗೆ ಏನಂತ ಹೇಳಲೋ?" ಎಂದೆ.

"ಬಾಗ್ಲಾ ಬ್ಯಾರೇರು ಕಾಯ್ಲಿ ಅನ್ನು ಲೇ," ಎಂದ.

ಬಸ್ಸು ಏರು ಹತ್ತುವಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಮೇಸ್ತ್ರಿ ಬಸಣ್ಣನೂ ಅವನೂ ಒಂದೇ ಹಾರೆಗೆ ಕೈಹಾಕಿ ಆ ದೊಡ್ಡ ಕಲ್ಲನ್ನು ಉರುಳಿಸುತ್ತಿದ್ದರು. ಹರಪನಹಳ್ಳಿಯಲ್ಲಿ ಮಿಲ್ಲಿನವರಿಗೆ ಸುದ್ದಿ ಹೇಳಿ, ಕೊಟ್ಟೂರಿನ ಮೇಲೆ ಸಂಜೆಗೆ ಮನೆ ಸೇರಿದೆ.

ಇದಕ್ಕೆ ಈಗ ಎಂಟು ವರ್ಷ. ಆ ರಸ್ತೆ ಮುಗಿದ ಮೇಲೂ ಮರಿಯಪ್ಪನಿಗೆ ಕೆಲಸ ತಪ್ಪಿಲ್ಲ. ದುರುಗಮ್ಮ ಹರಪನಹಳ್ಳಿ ಕಡೆಯ ಅರಸೀಕೆರೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಅವಳ ಜೊತೆಗಿದ್ದ ಹತ್ತು ಮಂದಿಯೂ ಇದ್ದಾರೆಂದು ಅವಳೇ ಒಬ್ಬೊಬ್ಬರ ಹೆಸರು ಹೇಳಿದಳು. ಕಂಡಕ್ಟರ್ ಹಾಲಪ್ಪ ಅದೇ ದಾರಿಯ ಬಸ್ಸಿನಲ್ಲಿದ್ದಾನೆ, ಸಮಯ ಬರೆದ ಚೀಟಿ ನನ್ನಲ್ಲಿದೆ. ಮೇಸ್ತ್ರಿ ಬಸಣ್ಣನೂ ಇದ್ದಾನೆ. ಸೊಂಟ ನೋವು ಬಂದಾಗಲೆಲ್ಲ, ಅವತ್ತು ನೆಲಕ್ಕೆ ಕೆಡವಿದ್ದೇ ಇದಕ್ಕೆ ಕಾರಣ ಎಂದು ಮರಿಯಪ್ಪನನ್ನು ಬೈಯುತ್ತಾನಂತೆ. ಬೈಯುವುದಕ್ಕೆ ಅವನು ಬದುಕಿದ್ದಾನೆ.