ಬೀಗತಿಯ ಬೈಗುಳ

ಅಂದು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದೆ. ಮೊರದಲ್ಲಿ ಕೇರಿ, ಹೊಟ್ಟು ಹಾರಿಸಿ, ಹರಳು ಆರಿಸಿ ಬದಿಗಿಡುವ ಕೆಲಸ. ವಿಜಯಪುರದ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಮಾತೇ ಇರುವುದಿಲ್ಲ. ಮಗ ಅಂಗಡಿಯಲ್ಲಿ, ಸೊಸೆ ತಾನು ಕಲಿಸುವ ಶಾಲೆಯಲ್ಲಿ. ಮೊರದೊಳಗೆ ಜೋಳ ಕುಣಿಯುವ ಸಪ್ಪಳ ಒಂದೇ ನನಗೆ ಜೊತೆ. ಫೋನ್ ಬಂತು. ತಿಕೋಟಾಕ್ಕೆ ಕೊಟ್ಟ ಮಗಳು.

“ಅವ್ವಾ, ನಮ್ಮ ಅತ್ತಿಯವರಿಗೆ ಲಕ್ವಾ ಹೊಡದೈತಿ. ಬಲಗೈ, ಬಲಗಾಲು ಬಿದ್ದಾವ. ನಿನ್ನೆ ದವಾಖಾನಿಯಿಂದ ಮನಿಗೆ ಕರಕೊಂಡು ಬಂದೇವಿ.”

“ಮನಿಗೆ ಬಂದಮ್ಯಾಲ ಹೇಳ್ತೀ? ಏನಾರ ತಿಂತಾರ?”

“ಗಂಜಿ ಕುಡೀತಾರ. ಮಾತು ಹೋಗೇತಿ. ಪೂರಾ ಹೋಗಿಲ್ಲ ಬೇ. ಒಂದು ಶಬ್ದ ಉಳದೈತಿ. ನೀರು ಬೇಕಂದ್ರೂ ಅದ ಬರ್ತೈತಿ, ಮಗನ ಕರದ್ರೂ ಅದ ಬರ್ತೈತಿ. ನೀ ಮಾತ್ರ ಈಗ ಬರಬ್ಯಾಡ.”

“ಯಾಕ?”

“ಕೆಟ್ಟ ಶಬ್ದ ಅದು. ನಿನಗಂತೂ ಭಾಳ ನಾಟ್ತೈತಿ.” ಯಾರಾದರೂ ಕೇಳಿಯಾರು ಎನ್ನುವಂತೆ ದನಿ ಇಳಿಸಿದಳು. “ರಂಡಿ ಅಂತಾರ ಬೇ.”

ಈ ಮಾತನ್ನು ನಾನು ಹೀಗೆ ಅಚ್ಚಿಗೆ ಬರೆಯುತ್ತಿರುವುದಕ್ಕೆ ಓದುವವರು ಕ್ಷಮಿಸಬೇಕು. ಬರೆಯದೆ ಈ ಸಂಗತಿ ಹೇಳಲು ಬರುವುದಿಲ್ಲ. ಗಂಡ ಸತ್ತವಳು ಎಂಬುದು ಅದರ ಹಳೆಯ ಅರ್ಥ. ನಮ್ಮ ಕಡೆ ಮುದುಕಿಯರು ‘ಪಾಪ, ರಂಡಿಮುಂಡಿ ಆದಾಕಿ’ ಎಂದು ಮರುಕದಿಂದಲೂ ಹೇಳುತ್ತಿದ್ದರು. ಹೆಣ್ಣಿಗೆ ಬರಬಾರದ ಕಷ್ಟ ಯಾವುದೋ ಅದನ್ನೇ ಬೈಗುಳ ಮಾಡಿಟ್ಟಿದ್ದಾರೆ. ಗಂಡನಿರುವವಳಿಗೆ ಅಂದರೆ ಅದು ಬರೀ ಗಾಳಿ. ನನ್ನಂಥವಳಿಗೆ ಅಂದರೆ ನಿಜ. ನಿಜವಾದ್ದರಿಂದಲೇ ನನ್ನೆದುರು ಅದನ್ನು ಯಾರೂ ಆಡುವುದಿಲ್ಲ.

ಬಬಲೇಶ್ವರದ ನಮ್ಮ ತವರಿನಲ್ಲಿ ಬೈಗುಳಕ್ಕೆ ಬರವಿರಲಿಲ್ಲ. ಬಿಸಿಲಲ್ಲಿ ಬರಿಗಾಲಲ್ಲಿ ಓಡಾಡಿದರೆ ನಮ್ಮವ್ವ, “ನಿನ್ನ ಹೆಣಾ ಎತ್ತಲಿ, ಒಳಗ ಬಾ” ಎಂದು ಚೀರುತ್ತಿದ್ದಳು. ಒಳಗೆ ಹೋದರೆ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೈಗೆ ಕೊಡುತ್ತಿದ್ದಳು. ಅದೇ ಮಾತನ್ನು ಬಾವಿಕಟ್ಟೆಯ ಮೇಲೆ ಬೇರೆಯವರ ಮಗಳಿಗೆ ಅಂದಿದ್ದರೆ ಎರಡು ಮನೆಗಳ ನಡುವೆ ಬೆಂಕಿ ಕೊಡುವುದು, ತರುವುದು ನಿಂತುಹೋಗುತ್ತಿತ್ತು. ಮದುವೆಯಾಗಿ ವಿಜಯಪುರಕ್ಕೆ ಬಂದೆ. ಗಂಡನ ಮನೆಯಲ್ಲಿ ‘ಲೇ’ ಎನ್ನುವುದೂ ದೊಡ್ಡ ತಪ್ಪು. ನಮ್ಮತ್ತೆ ಮೊದಲ ದಿನವೇ ಹೇಳಿದ್ದರು: “ಇದ ನಾಲಿಗಿ ಮ್ಯಾಲ ಶಿವನ ಹೆಸರು ಇಡತೀವಿ. ಅದರ ಮ್ಯಾಲ ಹೊಲಸು ಇಡಬಾರದವ್ವಾ.” ನನಗೆ ಆ ಮಾತು ಸರಿ ಅನಿಸಿತು. ಈಗಲೂ ಸರಿಯೇ ಅನಿಸುತ್ತದೆ. ದಿನಾ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡ ಮೇಲೆ ಬಾಯಿ ತೊಳೆದಿಟ್ಟ ಪಾತ್ರೆಯ ಹಾಗೆ ಇರಬೇಕು ಅಂತ ನಡೆದುಕೊಂಡು ಬಂದಿದ್ದೇನೆ.

ಆದರೆ ಬೀಗತಿಯರ ಬೈಗುಳದ ಲೆಕ್ಕ ಬೇರೆ. ಬೀಗರ ಊಟದ ಹೊತ್ತಿಗೆ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು ಹಾಡಿನಲ್ಲಿ ಒಬ್ಬರನ್ನೊಬ್ಬರು ಬೈಯುತ್ತಾರೆ. ಎಷ್ಟು ಬೈದರೆ ಅಷ್ಟು ಹತ್ತಿರದವರು. ಹಾಡಿನಲ್ಲಿ ತನ್ನ ಪಾಳಿ ಬರದೇ ಹೋದವಳು ಮುಖ ಊದಿಸಿಕೊಂಡು ಮನೆಗೆ ಹೋಗುತ್ತಾಳೆ. ನನ್ನ ಮಗಳ ಮದುವೆಯಲ್ಲಿ ಅವಳ ಅತ್ತೆ, ಅಂದರೆ ತಿಕೋಟಾದ ಬೀಗತಿ, ಸೆರಗು ಸಿಗಿಸಿಕೊಂಡು ಶುರು ಮಾಡಿದ್ದರು:

“ಬಿಜಾಪುರದ ಬೀಗತಿ ಬಂದಾಳ
ಬುಟ್ಟಿ ರೊಟ್ಟಿ ಬರಿದು ಮಾಡ್ಯಾಳ
ಇನ್ನೂ ಹಸಿವು ಅಂತಾಳ, ಹಲ್ಕಾ ರಂಡಿ!”

ಊಟಕ್ಕೆ ಕೂತ ಗಂಡಸರೆಲ್ಲ ನಕ್ಕರು. ನಮ್ಮ ಯಜಮಾನರೂ ನಕ್ಕರು. ಅಷ್ಟು ವರ್ಷ ಮುಚ್ಚಿಟ್ಟಿದ್ದ ನನ್ನ ಬಬಲೇಶ್ವರದ ನಾಲಿಗೆ ಎಲ್ಲಿತ್ತೋ, ಎದ್ದು ಕೂತಿತು:

“ತಿಕೋಟಾದ ಬೀಗತಿ ಬಾಯಿ ನೋಡ್ರೆವ್ವಾ
ಅಗಸಿ ಬಾಗಲಕ್ಕಿಂತ ಅಗಲ ಐತ್ರೆವ್ವಾ
ಕೀಲಿ ಹಾಕಾಕ ಕಿಲ್ಲೇದಾರ ಬರಬೇಕು, ಹಲ್ಕಾ ರಂಡಿ!”

ಬೀಗತಿ ಎದ್ದು ಬಂದು ನನ್ನ ಗಲ್ಲ ಹಿಂಡಿದರು. “ಇಷ್ಟೊತ್ತು ಎಲ್ಲಿ ಅಡಗಿದ್ದೀಲೇ?” ಎಂದರು.

ಆಮೇಲೆ ಸಂತೆಗೆ ಬಂದಾಗೆಲ್ಲ ಅವರು ನಮ್ಮ ಮನೆಗೆ ಬರುತ್ತಿದ್ದರು. ಓಣಿಯ ತುದಿಯಿಂದಲೇ ಶುರು. “ಲೇ ಬೀಗತಿ, ಸತ್ತೀಯೋ ಬದಕೀಯೋ? ಚಾ ಇಡಲೇ ರಂಡಿ!” ಪಕ್ಕದ ಮನೆಯಲ್ಲಿ ಬ್ಲೌಸ್ ಹೊಲಿಯುವ ಆಪಾ ಕಿಟಕಿಯಿಂದ ಕೇಳಿ ಎರಡೂ ಗಲ್ಲ ಬಡಿದುಕೊಂಡು “ತೌಬಾ, ತೌಬಾ” ಎನ್ನುವಳು. ಸೂಜಿ ಬೆರಳಿಗೆ ಚುಚ್ಚಿದಾಗ ಅದೇ ಆಪಾಳ ಬಾಯಿಂದ ಏನೇನು ಬರುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಅದಕ್ಕೆ ದೇವರೂ ಸಿಟ್ಟಾಗಲಿಕ್ಕಿಲ್ಲ. ನೋವಿನಲ್ಲಿ ಬಂದದ್ದು ಯಾರಿಗೂ ಗುರಿಯಿಟ್ಟು ಬಂದದ್ದಲ್ಲ.

ನಮ್ಮ ಯಜಮಾನರು ಹೋದರು. ಬೀಗತಿ ಬಂದು ನನ್ನ ಪಕ್ಕದಲ್ಲಿ ಕೂತರು, ಬಹಳ ಹೊತ್ತು ಕೂತರು. ಆಮೇಲೆ, “ಬೀಗತ್ಯಾರ, ಎರಡು ತುತ್ತು ಊಟಾ ಮಾಡ್ರಿ” ಎಂದರು. ಅಂದಿನಿಂದ ‘ಲೇ’ ಹೋಗಿ ‘ರಿ’ ಬಂತು. ಮನೆಗೆ ಬಂದರೆ ಬಾಗಿಲ ಬಳಿ ಚಪ್ಪಲಿ ಬಿಟ್ಟು, “ಅರಾಮ ಅದೀರೇನ್ರಿ?” ಎನ್ನುವರು. ಮದುವೆಗಳಲ್ಲಿ ನಾನು ಹಿಂದೆ ಕೂರುತ್ತಿದ್ದೆ. ಹಾಡು ನನ್ನ ತಲೆಯ ಮೇಲಿಂದ ದಾಟಿ ಇನ್ನೊಬ್ಬಳ ಕಡೆ ಹೋಗುತ್ತಿತ್ತು. ಯಾರೂ ಕೆಟ್ಟವರಲ್ಲ. ನನಗೆ ನೋವಾಗಬಾರದು ಅಂತ ಎಲ್ಲರೂ ದನಿ ತಗ್ಗಿಸುತ್ತಾರೆ, ಎದ್ದು ಜಾಗ ಬಿಡುತ್ತಾರೆ. ಸೊಸೆ ಒಂದು ದಿನವೂ ಎದುರು ಮಾತಾಡಿಲ್ಲ. ಇದೂ ಶಿವ ಕೊಟ್ಟದ್ದೇ, ಅಲ್ಲ ಅನ್ನುವುದಿಲ್ಲ. ಆದರೆ ಸುತ್ತ ಎಲ್ಲರೂ ‘ರಿ’ ಅನ್ನುವ ಮನೆಯಲ್ಲಿ, ನನ್ನನ್ನು ಒಮ್ಮೆ ‘ಲೇ’ ಅಂದು ಕರೆಯುವವರು ಈ ಭೂಮಿಯ ಮೇಲೆ ಯಾರೂ ಉಳಿದಿಲ್ಲವಲ್ಲ ಅಂತ ಹೊಳೆದಾಗ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಬೀಗತಿಯ ಬಾಯಿಂದ ಒಂದೇ ಒಂದು ಸಲ ಮೊದಲಿನ ಹಾಗೆ ಬೈಸಿಕೊಳ್ಳಬೇಕು ಎಂಬ ಆಸೆ ಇತ್ತು. ಸೋಮವಾರ ಗುಡಿಯಲ್ಲಿ ನಿಂತು ಬೇಡಿಕೊಳ್ಳುವಂಥ ಆಸೆಯಲ್ಲ ಅದು. ಬೇಡಲಿಲ್ಲ.

ಈಗ ಅವರ ಬಾಯಲ್ಲಿ ಆ ಮಾತೊಂದೇ ಉಳಿದಿದೆ. ಬರಬೇಡ ಅನ್ನುತ್ತಾಳೆ ಮಗಳು.

ಮರುದಿನ ಪೂಜೆ ಮುಗಿಸಿ ತಿಕೋಟಾದ ಬಸ್ ಹತ್ತಿದೆ. ನೆರಳಿನ ಬದಿಗೆ ಕಿಟಕಿಯ ಸೀಟು ಸಿಕ್ಕಿತು. ಅಂಥ ಸಣ್ಣ ಸಣ್ಣದನ್ನೂ ನಾನು ದೇವರ ಖಾತೆಗೇ ಹಾಕುತ್ತೇನೆ. ಬಾಗಿಲಲ್ಲಿ ಮಗಳು ನನ್ನ ಕೈಚೀಲ ಇಸಿದುಕೊಂಡಳು. ಮುಖ ಬಾಡಿತ್ತು.

“ಬ್ಯಾಡ ಅಂದ್ರೂ ಬಂದ್ಯಲ್ಲ ಬೇ.”

“ಎಲ್ಲಿ ಅದಾರ?”

“ಹಿಂದಿನ ಕ್ವಾಣ್ಯಾಗ.”

ಹಿಂದಿನ ಕೋಣೆ ಅಂದರೆ ದ್ರಾಕ್ಷಿಯ ಕ್ರೇಟು, ಔಷಧಿ ಹೊಡೆಯುವ ಪಂಪು ಇಡುವ ಕೋಣೆ. ಹೊರಗಿನಿಂದ ಚಿಲಕ ಹಾಕಿತ್ತು. ನಾನು ಚಿಲಕವನ್ನೇ ನೋಡಿದೆ.

“ಬಂದೋರೆಲ್ಲಾರಿಗೂ ಅಂತಾರ, ಅವ್ವಾ. ಮೊನ್ನೆ ಹಾಲಿನಾಕಿಗೆ ಅಂದ್ರು. ಆಕಿ ಗಂಡ ಹೋಗಿ ಇನ್ನಾ ವರ್ಷ ಆಗಿಲ್ಲ, ಅಳಕೋತ ಹ್ವಾದಳು. ಅತ್ತಿಯವರಿಗೆ ಏನೂ ತಿಳ್ಯಾಂಗಿಲ್ಲ, ಆದ್ರ ಕೇಳಿದವರಿಗೆ ತಿಳೀತೈತಿ. ನಾ ಏನ ಮಾಡ್ಲಿ?”

ಅವಳದೂ ಸುಳ್ಳಲ್ಲ. ಹಾಲಿನವಳ ಅಳುವೂ ಸುಳ್ಳಲ್ಲ. ನಾನು ಚಿಲಕ ತೆಗೆದೆ.

ಬೀಗತಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಸಪ್ಪಳಕ್ಕೆ ತಿರುಗಿದರು. ಬಾಯಿಯ ಬಲಬದಿ ಜೋತುಬಿದ್ದಿತ್ತು. ನನ್ನನ್ನು ನೋಡಿ ಗುರುತು ಹಿಡಿದರು. ತುಟಿ ಆಡಿತು. ಬರ್ರಿ ಅನ್ನಲಿಕ್ಕೆ ಹೊರಟಿದ್ದರು, ಅದು ನನಗೆ ತಿಳಿಯಿತು. ಬಂದದ್ದು ಆ ಮಾತು.

“ರಂಡಿ.”

ಒಡನೆ ಅವರ ಎಡಗೈ ಎದ್ದು ಬಾಯಿ ಮುಚ್ಚಿತು. ಕಣ್ಣು ತುಂಬಿ ಬಂದವು. ಬಾಗಿಲಲ್ಲಿ ನಿಂತ ಮಗಳು, “ನೋಡಿದ್ಯಾ ಬೇ” ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು.

ನಾನು ನೋಡಿದ್ದು ಆ ಕೈಯನ್ನು. ತಿಳಿಯದವರು ಬಾಯಿ ಮುಚ್ಚಿಕೊಳ್ಳುವುದಿಲ್ಲ. ಯಾರಿಗೆ ಏನು ನಾಟುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನಾಲಿಗೆ ಕೇಳುತ್ತಿರಲಿಲ್ಲ. ಎರಡು ದಿನ ಆ ಕೋಣೆಯೊಳಗೆ ಒಬ್ಬರೇ ಇದನ್ನು ಹೇಗೆ ಹೊತ್ತರೋ.

ಮಂಚದ ಅಂಚಿಗೆ ಕೂತೆ. ಆ ಕೈ ಹಿಡಿದು ಬಾಯಿಯಿಂದ ಸರಿಸಿದೆ. ಹಣೆಯ ಮೇಲೆ ವಿಭೂತಿ ಇದ್ದ ಹಾಗೆಯೇ, ಮೆಲ್ಲಗೆ ರಾಗ ಎತ್ತಿದೆ.

“ತಿಕೋಟಾದ ಬೀಗತಿ ಬಾಯಿ ನೋಡ್ರೆವ್ವಾ…”

“ಯವ್ವಾ, ಏನ ಮಾಡಾಕತ್ತೀ?” ಎಂದಳು ಮಗಳು.

“ಅಗಸಿ ಬಾಗಲಕ್ಕಿಂತ ಅಗಲ ಐತ್ರೆವ್ವಾ…”

ಬೀಗತಿಯ ಕಣ್ಣು ನನ್ನ ಮೇಲೆ ನಿಂತಿತು. ಮೂರನೆಯ ಸಾಲು ಬಂತು. ಮಾತು ಹೋದವರೆದುರು ಕೀಲಿಯ ಮಾತು ಆಡಬಹುದೇ ಅನಿಸಿತು. ಆದರೆ ಅರ್ಧಕ್ಕೆ ನಿಲ್ಲಿಸಿದರೆ ನಾನೂ ‘ರಿ’ ಅಂದ ಹಾಗೆ. ಹಾಡಿದೆ. ಅವರ ಗಂಟಲಿನಿಂದ ರಾಗ ಹೊರಟಿತು. ಶಬ್ದಗಳಿಲ್ಲ, ಬರೀ ಗುಂಯ್‌ಗುಡುವುದು. ‘ಕಿಲ್ಲೇದಾರ ಬರಬೇಕು’ ಅಂದ ಮೇಲೆ ನಾನು ಹಾಡು ನಿಲ್ಲಿಸಿದೆ. ಕಡೆಯ ಎರಡು ಶಬ್ದಗಳನ್ನು ಅವರೇ ಹಾಡಿದರು. ‘ಹಲ್ಕಾ’ ಅರ್ಧ ಬಂತು, ಇನ್ನೊಂದು ಪೂರ್ತಿ ಬಂತು. ಮುಖದ ಎಡಬದಿ ನಕ್ಕಿತು.

ಪವಾಡವೇನೂ ಆಗಲಿಲ್ಲ. ನೀರು ಬೇಕಾದಾಗ ಮತ್ತೆ ಅದೇ ಮಾತೇ ಬಂತು. ನಾನು, “ನೀನ ರಂಡಿ, ತಡಿಲೇ, ತರ್ತೀನಿ” ಅಂದೆ. ಅವರ ಹೊಟ್ಟೆ ಕುಲುಕಿತು. ಮಗಳೂ ಅಳುತ್ತ ನಕ್ಕಳು.

“ಇವರನ್ನ ಪಡಸಾಲಿಗೆ ತರೂಣು,” ಎಂದೆ.

“ಮಂದಿ ಬರ್ತಾರ ಬೇ. ನಾಳೆ ಪೂಜಿಗೆ ಅಯ್ಯನವರು ಬರ್ತಾರ. ಅವರಿಗೂ ಅಂದ್ರ?”

“ಅಂದ್ರ ಅನಿಸಿಕೊಳ್ಳಲಿ. ಶಿವನ ಹೆಸರು ಹೇಳಿ ಊಟಾ ಮಾಡಾವ್ರಿಗೆ ಅಷ್ಟು ತಾಳ್ಮಿ ಇರಬೇಕು.” ಆಮೇಲೆ ಅವಳ ಗಲ್ಲ ಸವರಿ ಹೇಳಿದೆ: “ಬಂದೋರಿಗೆ ಬಾಗಲದಾಗ ಮೊದಲ ಹೇಳು. ಇವರ ಹತ್ರ ಮಾತು ಒಂದ ಉಳದೈತಿ, ಅದರಾಗ ಎಲ್ಲಾ ಮಾತಾಡ್ತಾರ ಅನ್ನು. ಹಾಲಿನಾಕಿ ಮನಿಗೆ ನೀನ ಹೋಗಿ ಹೇಳಿ ಬಾ.”

ಅಳಿಯ ತೋಟದಿಂದ ಬಂದ ಮೇಲೆ ಅವನೂ ಮಗಳೂ ಕೂಡಿ ಮಂಚ ಎತ್ತಿದರು. ಪಡಸಾಲೆಯಲ್ಲಿ ಬೀದಿ ಕಾಣುವ ಹಾಗೆ ಹಾಕಿದರು. ಅಳಿಯ ತಾಯಿಯ ದಿಂಬನ್ನು ಎರಡೆರಡು ಸಲ ಸರಿ ಮಾಡಿದ. ನಾನು ಹೊರಡುವಾಗ ಬೀಗತಿ ಎಡಗೈ ಎತ್ತಿ ಆ ಮಾತನ್ನು ಒಮ್ಮೆ ಅಂದರು. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಆ ಮಾತು ಎಲ್ಲರಿಗೂ ಬರುವಂಥದು, ನನಗೆಂದೇ ಬಂದದ್ದಲ್ಲ. ಅದು ಗೊತ್ತು. ಆದರೆ ಕೊನೆಯ ಸಲ ಅದನ್ನು ಬಾಯಿ ಮುಚ್ಚಿಕೊಳ್ಳದೆ ಅಂದರಲ್ಲ, ಅಷ್ಟು ನನ್ನದು ಅಂದುಕೊಂಡೆ. ವಿಜಯಪುರದ ಗುಮ್ಮಟ ದೂರದಿಂದ ಕಾಣುವ ಹೊತ್ತಿಗೆ ಪಕ್ಕದ ಸೀಟಿನ ಹೆಂಗಸು, “ಇಲ್ಲಿ ಇಳೀತೀರೇನ್ರಿ?” ಎಂದು ಕೇಳಿದಳು. “ಇಲ್ರಿ, ಮುಂದ” ಅಂದೆ.

ಮನೆಗೆ ಬಂದಾಗ ಸಂಜೆ. ಸೊಸೆ ನೀರು ಕೊಟ್ಟಳು. “ದಣದೀರಿ, ಅತ್ತೆವ್ರ. ಕುಂದರ್ರಿ, ಅಡಗಿ ನಾ ಮಾಡ್ತೀನ್ರಿ.”

“ನೀ ಪಲ್ಯಾ ಮಾಡವಾ. ರೊಟ್ಟಿ ನಾ ಬಡೀತೀನಿ.”

“ಆಗಲ್ರಿ,” ಎಂದು ತರಕಾರಿ ಬುಟ್ಟಿ ತಗೊಂಡು ಹೊರಗೆ ಹೋದಳು. ಹಿಂದಿನ ದಿನದ ಜೋಳ ಮೊರದಲ್ಲಿ ಹಾಗೇ ಅರ್ಧ ಹಸನಾಗಿ ಬಿದ್ದಿತ್ತು. ಅದರ ಮೇಲೆ ಅರಿವೆ ಮುಚ್ಚಿ, ಒಲೆಯ ಮೇಲೆ ಎಸರಿಟ್ಟು, ಡಬ್ಬಿಯಲ್ಲಿದ್ದ ಹಿಟ್ಟು ತೆಗೆದು ಸಾಣಿಗೆ ಹಿಡಿಯಲು ಕೂತೆ.