ಎರಡು ಮಳೆಗಾಲದ ಟೈರು

ನಮ್ಮ ಕಡೆ ಯಾರಾದರೂ ಕಾರಿಗೆ ಟೈರು ಬದಲಾಯಿಸಬೇಕೆಂದರೆ ಈಗೀಗ ನನ್ನನ್ನೂ ಒಂದು ಮಾತು ಕೇಳುತ್ತಾರೆ. ಹೆಸರೇ ಕೇಳದ ಕಂಪನಿಯ ಅಗ್ಗದ ಟೈರು, ಎಲ್ಲರ ಬಾಯಲ್ಲೂ ಇರುವ ದೊಡ್ಡ ಕಂಪನಿಯ ಟೈರು, ಎರಡನ್ನೂ ಹಾಕಿಸಿ ಓಡಿಸಿದವಳು ಎಂಬ ಹೆಸರು ನನಗೆ ಬಂದುಬಿಟ್ಟಿದೆ. ಮೊನ್ನೆ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಹಳೆಯ ಕಾರೊಂದನ್ನು ಕೊಂಡವರು ಬೇಲಿಯ ಆಚೆಯಿಂದಲೇ ಕೇಳಿದರು.

"ಅಮ್ಮಾ, ಕಡಿಮೆ ರೇಟಿಂದು ಹಾಕ್ಸಿದ್ರೆ ಏನಾದ್ರೂ ತೊಂದ್ರೆನಾ?"

ತೊಂದರೆ ಏನಿಲ್ಲ ಎಂದೆ. ಸದ್ದು ಜಾಸ್ತಿ, ಮಳೆಯಲ್ಲಿ ಬ್ರೇಕು ಒತ್ತಿದರೆ ಒಂದು ಮಾರು ಮುಂದೆ ಹೋಗಿ ನಿಲ್ಲುತ್ತದೆ, ಬೇಗ ಸವೆಯುತ್ತದೆ, ನಿಧಾನ ಹೋಗುವವರಿಗೆ ಸಾಕು ಎಂದೆ. ಅವರು ತಲೆಯಾಡಿಸಿ ಹೋದರು. ನಾನು ಒಳಗೆ ಬಂದೆ. ಟೈರಿನ ವಿಷಯ ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು.

ಆ ಎರಡೂ ಟೈರುಗಳನ್ನು ಆರಿಸಿದವರು ನನ್ನ ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಕಳಸದ ಕಡೆಯವರು. ನಾನು ಮದುವೆಯಾಗಿ ಈ ಮನೆಗೆ ಬರುವಷ್ಟರಲ್ಲಿ ಅವರು ಬಂದು ಆರೇಳು ವರ್ಷವಾಗಿತ್ತು. ಉಪ್ಪಿನ ಡಬ್ಬ ಎಲ್ಲಿರಬೇಕು ಎಂಬುದರಿಂದ ಹಿಡಿದು ಎಲ್ಲವೂ ತೀರ್ಮಾನವಾಗಿಹೋಗಿತ್ತು. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ. ಅಣ್ಣ ತಮ್ಮ ತೋಟ ಪಾಲು ಮಾಡಿಕೊಂಡಾಗ ಗಂಡಸರು ಮುಖ ಸಣ್ಣ ಮಾಡಿಕೊಂಡರು, ನಾವಿಬ್ಬರು ಒಳಗೊಳಗೇ ಖುಷಿಪಟ್ಟೆವು. ಕಾಫಿ ಒಣಗಿಸುವ ಕಣದ ಆಚೆಗೆ ಅವರ ಮನೆ, ಈಚೆಗೆ ನಮ್ಮದು. ಹಬ್ಬಕ್ಕೆ ಕಡುಬು ಕೊಡುವುದು, ಪಾತ್ರೆ ವಾಪಸು ಬರುವಾಗ ಬರಿದಾಗಿ ಬರದಂತೆ ಏನಾದರೂ ಇಟ್ಟು ಕಳಿಸುವುದು, ಇಷ್ಟೇ ನಮ್ಮ ಒಡನಾಟ. ಭಾವ ತೀರಿಕೊಂಡ ಮೇಲೂ ಅದು ಹಾಗೇ ನಡೆಯಿತು.

ಆಮೇಲೆ ಅಕ್ಕನ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಎರಡು ಸಲ ಚಿಕ್ಕಮಗಳೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಬೇಕು ಎಂದರು. ಮೂಡಿಗೆರೆಗೆ ಕೊಟ್ಟ ಅವರ ಮಗಳ ಮಡಿಲಲ್ಲಿ ಆಗಷ್ಟೇ ಕೂಸು. ಹೋಗುವಾಗ ಬಸ್ಸಿನಲ್ಲಿ ಹೋಗಬಹುದು, ಬರುವಾಗ ಅಕ್ಕನಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. ನಮ್ಮ ಮನೆಯವರಿಗೆ ಡ್ರೈವಿಂಗ್ ಬರುತ್ತದೆ, ತಾಳ್ಮೆ ಬರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ಗಂಟೆ ಕೂರುವುದೆಂದರೆ ಅವರಿಗೆ ಜೈಲು. ಹೀಗೆ ಸ್ಟೀರಿಂಗು ನನ್ನ ಕೈಗೆ ಬಂತು. ಮೊದಲ ಕೆಲವು ವಾರ ನಾವಿಬ್ಬರು ಬಸ್ಸಿನಲ್ಲಿ ಅಕ್ಕಪಕ್ಕ ಸಿಕ್ಕ ಅಪರಿಚಿತರ ಹಾಗೆ ಕಿಟಕಿಯಾಚೆ ನೋಡುತ್ತಾ ಹೋಗಿಬಂದೆವು.

ನಮ್ಮ ಕಾರು ಹಳೆಯದು. ಮನೆಯಿಂದ ಟಾರು ರಸ್ತೆಯವರೆಗೆ ಎಸ್ಟೇಟಿನ ಕಲ್ಲುದಾರಿ ಬೇರೆ. ಹೀಗೆ ವಾರವಾರವೂ ಓಡಿ ಟೈರು ಬೋಳಾಯಿತು. ಮಳೆ ಹಿಡಿಯುವ ಮುಂಚೆ ಬದಲಾಯಿಸಬೇಕೆಂದು ಒಂದು ದಿನ ಆಸ್ಪತ್ರೆಯಿಂದ ಬರುವಾಗ ಆಲ್ದೂರಿನ ಟೈರಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯ ಸಾಹೇಬರು ನಮ್ಮ ಕಡೆಯ ಎಲ್ಲ ಜೀಪು ಪಿಕಪ್ಪುಗಳ ಕಾಲು ನೋಡಿದವರು. ನನಗೆ ದೊಡ್ಡ ಕಂಪನಿಯದೇ ಬೇಕಿತ್ತು. ಆ ವರ್ಷ ಕಾಫಿಗೆ ಒಳ್ಳೆಯ ರೇಟಿತ್ತು, ದುಡ್ಡಿನ ಮಾತೇ ಅಲ್ಲ. ಆದರೆ ಅವರು ಹೊರಗೆ ಎರಡು ಟೈರನ್ನು ನಿಲ್ಲಿಸಿ, ಎಲ್ಲ ಗಿರಾಕಿಗಳನ್ನೂ ಕೇಳುವಂತೆ ನನ್ನನ್ನೂ ಕೇಳಿದರು.

"ಗಾಡಿ ಇನ್ನೂ ಎಷ್ಟು ವರ್ಷ ಓಡ್ಬೇಕು ಅಂತ ನೀವು ಹೇಳಿ ಅಕ್ಕ, ಯಾವ ಟೈರು ಅಂತ ನಾನು ಹೇಳ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಕಾರಿನೊಳಗೆ ಸೀಟಿಗೆ ಒರಗಿದ್ದ ಅಕ್ಕ ಕಿಟಕಿಯಿಂದ ಹೇಳಿದರು.

"ಎರಡು ಮಳೆಗಾಲ ಓಡಿದ್ರೆ ಸಾಕು."

"ಹಾಗಾದ್ರೆ ಇದೇ ಸಾಕು" ಎಂದು ಸಾಹೇಬರು ಅಗ್ಗದ ಟೈರಿನ ಮೇಲೆ ಕೈಯಿಟ್ಟರು. ಅವರು ಗಾಡಿಯ ಆಯಸ್ಸು ಕೇಳಿದ್ದರು. ಅಕ್ಕ ಹೇಳಿದ್ದು ಯಾವುದರ ಆಯಸ್ಸೆಂದು ನನಗೆ ಮಾತ್ರ ಗೊತ್ತಾಯಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಾರಿನ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದೆ.

"ಎರಡೇ ಅಂತ ನಿಮಗೆ ಯಾರು ಹೇಳಿದ್ದು ಅಕ್ಕ? ಡಾಕ್ಟ್ರು ಹೇಳಿದ್ರಾ?"

"ಡಾಕ್ಟ್ರು ಎಂತಕ್ಕೆ ಹೇಳ್ಬೇಕು ಮಾರಾಯ್ತಿ? ಪಕ್ಕದ ಬೆಡ್ಡಿನವ್ರು ಒಬ್ಬೊಬ್ರೇ ಬರದೇ ಇರೋದು ನಂಗೆ ಕಾಣಲ್ವಾ? ಸುಮ್ನೆ ಹಾಕ್ಸು. ಜಾಸ್ತಿ ಬಾಳೋದನ್ನ ಹಾಕ್ಸಿ ಎಂತ ಮಾಡೋದು."

ಅಂಗಡಿಯ ಮುಂದೆ ರೋಗಿಯ ಜೊತೆ ಜಗಳ ಆಡಲಾಗುತ್ತದೆಯೇ? ಅಗ್ಗದ್ದನ್ನೇ ಹಾಕಿಸಿದೆ. ಹೊಸ ಟೈರಿನ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಬೇಕಲ್ಲ, ಸಾಹೇಬರು ಮೊಳೆಗೆ ತೂಗುಹಾಕಿದ್ದ ಚೀಲದಿಂದ ನಾಲ್ಕು ತೆಗೆದುಕೊಟ್ಟರು. "ನಮಗೆ ಇದೆಲ್ಲ ಇಲ್ಲ ಅಕ್ಕ, ಗಿರಾಕಿಗಳು ಕೇಳ್ತಾರೆ ಅಂತ ಇಟ್ಟಿರ್ತೀನಿ" ಎಂದರು. ಮೂರು ಚಕ್ರಕ್ಕೆ ಇಟ್ಟೆ. ನಾಲ್ಕನೆಯದಕ್ಕೆ ಬಗ್ಗುವಾಗ ಅಕ್ಕ ಕಿಟಕಿಯಿಂದ ಕೈ ಚಾಚಿದರು. ಅದನ್ನು ನಂಗೆ ಕೊಡು, ನಾಲಿಗೆ ಒಣಗಿದೆ ಎಂದರು. ಇಷ್ಟು ಮಳೆ ಬೀಳುವ ಊರಿನಲ್ಲಿ ಕಿಡ್ನಿಯ ಕಾಯಿಲೆಯಿಂದಾಗಿ ಅವರಿಗೆ ದಿನಕ್ಕೆ ಅಳೆದು ಕೊಡುವ ನೀರು. ನಿಂಬೆಯ ಹೋಳನ್ನು ನಾಲಿಗೆಗೆ ತಾಗಿಸಿಕೊಂಡರೆ ದಾಹ ಸ್ವಲ್ಪ ತಗ್ಗುತ್ತದೆ ಎಂದು ಆಸ್ಪತ್ರೆಯಲ್ಲಿ ಯಾರೋ ಹೇಳಿದ್ದರಂತೆ. ಹೀಗೆ ಒಂದು ಚಕ್ರ ನಿಂಬೆಹಣ್ಣಿಲ್ಲದೇ ಹೊರಟಿತು.

ಮಳೆ ಹಿಡಿದ ಮೇಲೆ ಆ ಟೈರಿನ ಬಂಡವಾಳ ಗೊತ್ತಾಯಿತು. ಆಲ್ದೂರು ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಪಿಕಪ್ಪು ಬಂತೆಂದು ಬ್ರೇಕು ಒತ್ತಿದೆ. ಕಾರು ನನ್ನ ಮಾತು ಕೇಳದೆ ಜಾರಿಕೊಂಡು ಹೋಗಿ ರಸ್ತೆಬದಿಯ ಧರೆಯ ಕೆಮ್ಮಣ್ಣಿಗೆ ಮೂತಿ ತಾಗಿಸಿ ನಿಂತಿತು. ಅಕ್ಕ ಸೆರಗು ಸರಿಮಾಡಿಕೊಂಡರು.

"ನಂಗೇನು ಅವಸರ ಇಲ್ಲ ಮಾರಾಯ್ತಿ. ನಿಧಾನಕ್ಕೆ ಹೋಗು."

ಅಂದಿನಿಂದ ನಾನು ಎತ್ತಿನಗಾಡಿಯವಳಾದೆ. ಹಿಂದಿನಿಂದ ಪ್ರವಾಸಿಗರ ಕಾರುಗಳು ಹಾರ್ನು ಹೊಡೆದು ಮುಂದೆ ಹೋಗುತ್ತಿದ್ದವು. ಟೈರುಗಳು ದಾರಿಯುದ್ದಕ್ಕೂ ಗುಂಯ್ ಎನ್ನುತ್ತಿದ್ದವು. ಆ ಸದ್ದಿನ ಮೇಲೆ ಮಾತು ಕೇಳಿಸಬೇಕೆಂದರೆ ದನಿ ಎತ್ತಬೇಕು, ದನಿ ಎತ್ತಿ ಮಾತಾಡತೊಡಗಿದರೆ ನಿಲ್ಲಿಸುವುದು ಕಷ್ಟ. ಇಪ್ಪತ್ತು ವರ್ಷ ಒಂದೇ ಕಣದ ಎರಡು ಬದಿಯಲ್ಲಿ ಬದುಕಿ ಆಡದೇ ಇದ್ದದ್ದನ್ನೆಲ್ಲ ನಾವು ಆ ದಾರಿಯಲ್ಲಿ ಆಡಿದೆವು. ಅತ್ತೆಯನ್ನು ಬೈದೆವು. ಗಂಡಂದಿರನ್ನು ಬೈದೆವು, ಅವರವರ ಗಂಡನನ್ನು ಅವರವರೇ. ಒಂದು ದಿನ ಅಕ್ಕ ಕಣ್ಣುಮುಚ್ಚಿಕೊಂಡೇ ಹೇಳಿದರು, "ಆ ಕಡುಬು ಬೇಯಿಸೋ ತಾಮ್ರದ ಪಾತ್ರೆ ಇತ್ತಲ್ಲ, ಪಾಲಿನ ದಿನ ಸಿಗ್ಲೇ ಇಲ್ಲ ಅಂತ ನೀನು ಹುಡುಕಿದ್ಯಲ್ಲ. ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ಹಿಂದೆ ಅಡಗಿಸಿ ಇಟ್ಟಿದ್ದೆ. ನಿನ್ನ ಪಾಲಿಗೆ ಹೋಗ್ಬಾರ್ದು ಅಂತ."

ನಾನು ಗಾಡಿ ಪಕ್ಕಕ್ಕೆ ನಿಲ್ಲಿಸಿ ನಕ್ಕೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅದನ್ನು ಕದ್ದದ್ದು ಕೆಲಸಕ್ಕೆ ಬರುತ್ತಿದ್ದವಳು ಎಂದು ನಂಬಿ ಎಷ್ಟು ವರ್ಷ ಅವಳನ್ನು ಓರೆಗಣ್ಣಿನಿಂದ ನೋಡಿದ್ದೆ. ಆ ಪಾತ್ರೆ ಮರುದಿನವೇ ನಮ್ಮ ಮನೆಗೆ ಬಂತು, ಬರಿದಾಗಿ ಬರದಂತೆ ಒಳಗೆ ಒಂದಿಷ್ಟು ಜೀರಿಗೆ ಮೆಣಸಿನಕಾಯಿಯೊಂದಿಗೆ.

ನಾನು ದೇವರನ್ನು ಅಷ್ಟಾಗಿ ನೆಚ್ಚಿಕೊಂಡವಳಲ್ಲ. ಆದರೆ ಆ ಟೈರುಗಳನ್ನು ನೆಚ್ಚಿಕೊಂಡೆ. ಟೈರಿನ ಗೀರುಗಳ ಆಳದಲ್ಲಿ ಸಣ್ಣ ಸಣ್ಣ ದಿಬ್ಬಗಳಿರುತ್ತವೆ, ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟೈರಿನ ಕೆಲಸ ಮುಗಿಯಿತೆಂದು ಅರ್ಥ. ಆಸ್ಪತ್ರೆಯ ಅಂಗಳದಲ್ಲಿ ಅಕ್ಕನಿಗೆ ಕಾಯುತ್ತಾ ನಾನು ಬಗ್ಗಿ ಬಗ್ಗಿ ಅದನ್ನೇ ನೋಡುತ್ತಿದ್ದೆ. ಎರಡನೆಯ ಮಳೆಗಾಲ ಕಳೆದು ಬಿಸಿಲು ಬಂದಾಗ ನಾಲ್ಕೂ ಟೈರು ಆ ಮಟ್ಟಕ್ಕೆ ಬಂದಿದ್ದವು. ಅಕ್ಕ ಇದ್ದರು. ಸೊರಗಿದ್ದರು, ಕೈಯ ನರಗಳು ಹಗ್ಗದಂತೆ ಉಬ್ಬಿದ್ದವು, ಆದರೆ ಇದ್ದರು. ಟೈರು ಸವೆದದ್ದಕ್ಕೆ ಅಷ್ಟು ಸಂತೋಷಪಟ್ಟವರು ಈ ಜಿಲ್ಲೆಯಲ್ಲೇ ಬೇರೆ ಯಾರೂ ಇರಲಿಕ್ಕಿಲ್ಲ.

"ನೋಡಿ, ನಿಮ್ಮ ಎರಡು ಮಳೆಗಾಲ ಮುಗೀತು" ಎಂದು ಹಂಗಿಸಿದೆ.

"ಹೌದಲ್ಲ" ಎಂದು ಅಕ್ಕ ನಕ್ಕರು.

ಮತ್ತೆ ಆಲ್ದೂರಿನ ಅಂಗಡಿಗೆ ಹೋದಾಗ ನನ್ನ ಲೆಕ್ಕಾಚಾರ ಸ್ಪಷ್ಟವಾಗಿತ್ತು. ಅದೇ ಅಗ್ಗದ ಟೈರು, ಅದೇ ಕಂಪನಿ, ಮೂರೇ ಚಕ್ರಕ್ಕೆ ನಿಂಬೆಹಣ್ಣು. ಎರಡು ಮಳೆಗಾಲ ಕಳೆದ ಮೇಲೆ ಮತ್ತೆ ಅದೇ. ಹೀಗೇ ಎರಡೆರಡಾಗಿ ಕೇಳುತ್ತಾ ಹೋದರೆ ಯಾರೂ ಇಲ್ಲ ಅನ್ನಲಾರರು ಎಂದು ನಾನು ನಿಜವಾಗಿಯೂ ನಂಬಿದ್ದೆ. ಬಾಳಿಕೆ ಬರುವ ಟೈರು ಹಾಕಿಸಿ ಮೇಲಿರುವವನ ಕಣ್ಣಿಗೆ ಬೀಳುವುದು ನನಗೆ ಬೇಡವಾಗಿತ್ತು. ಸಾಹೇಬರು ಎಂದಿನಂತೆ ಎಷ್ಟು ವರ್ಷ ಓಡಬೇಕು ಎಂದು ಕೇಳಿದರು.

"ಎರಡು ಮಳೆಗಾಲ ಸಾಕು" ಎಂದೆ.

ಅಕ್ಕ ಕಾರಿನ ಬಾಗಿಲು ತೆಗೆದು ಇಳಿದರು. ಡಯಾಲಿಸಿಸ್ ಆದ ದಿನ ಅವರು ದಾರಿಯಲ್ಲಿ ಕಾರಿನಿಂದ ಇಳಿದದ್ದೇ ಇಲ್ಲ. ಬಾಗಿಲು ಹಿಡಿದುಕೊಂಡು ನಿಂತು ಸಾಹೇಬರಿಗೆ ಹೇಳಿದರು.

"ಅವಳ ಮಾತು ಕೇಳ್ಬೇಡಿ. ಒಳ್ಳೇದು ಹಾಕಿ, ಅದೇ ದೊಡ್ಡ ಕಂಪನಿದು."

"ಬೇಡ ಅಕ್ಕ. ಅದೇ ಇರ್ಲಿ. ಅದರಲ್ಲಿ ಏನೂ ಆಗ್ಲಿಲ್ಲವಲ್ಲ ನಮಗೆ."

"ಹೋದ ಸಲದ್ದು ನಂಗೆ ಹಾಕ್ಸಿದ್ದು" ಎಂದರು ಅಕ್ಕ. "ಇದು ನಿಂಗೆ. ಗಾಡಿ ಓಡಿಸೋಳು ನೀನು. ನಿಂಗೆ ಇನ್ನೂ ಬೇಕಾದಷ್ಟು ಮಳೆಗಾಲ ಇದೆ. ಆ ತಿರುವಲ್ಲಿ ನೀನೊಬ್ಳೇ ಜಾರ್ಕೊಂಡು ಹೋಗೋದು ನಂಗೆ ಬೇಡ."

ನಾನು ಹಟ ಹಿಡಿದೆ. ಯಾವುದೋ ಮಗು ಹಿಡಿಯುವಂಥ ಹಟ. ಸಾಹೇಬರು ಎರಡು ಟೈರುಗಳ ನಡುವೆ ನಿಂತು ಒಮ್ಮೆ ನನ್ನ ಮುಖ, ಒಮ್ಮೆ ಅಕ್ಕನ ಮುಖ ನೋಡಿದರು. ಅಕ್ಕ ಬಾಗಿಲು ಬಿಟ್ಟು ಹೆಜ್ಜೆ ಮುಂದಿಡಲು ಹೋಗಿ ತಡವರಿಸಿದರು. ಹಿಡಿದುಕೊಳ್ಳಲು ಓಡಿದೆ, ಅಲ್ಲಿಗೆ ನಾನು ಸೋತೆ. ದೊಡ್ಡ ಕಂಪನಿಯ ಟೈರೇ ಕಾರಿಗೆ ಬಿತ್ತು. ನಿಂಬೆಹಣ್ಣನ್ನು ಒಂದೊಂದಾಗಿ ಸಾಹೇಬರ ಕೈಗೆ ಕೊಟ್ಟವರೂ ಅಕ್ಕನೇ, ನಾಲ್ಕೂ ಚಕ್ರಕ್ಕೆ. ಒಂದನ್ನಾದರೂ ನೀವಿಟ್ಟುಕೊಳ್ಳಿ, ನಾಲಿಗೆ ಒಣಗುತ್ತದೆ ಎಂದು ಬೇಡಿಕೊಂಡೆ. ಇವತ್ತು ಬೇಡ ಎಂದರು.

ಮನೆಯವರೆಗೂ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಹೊಸ ಟೈರಿಗೆ ಸದ್ದೇ ಇರಲಿಲ್ಲ. ಗುಂಡಿಗೆ ಬಿದ್ದರೂ ಮೆತ್ತಗೆ ಎದ್ದು ಹೋಗುತ್ತಿತ್ತು. "ಎಷ್ಟು ಹಾಯಾಗಿದೆ ನೋಡು" ಎಂದು ಹೇಳಿ ಅಕ್ಕ ನಿದ್ದೆಹೋದರು. ಆಮೇಲಾಮೇಲೆ ಬರುವ ದಾರಿಯಲ್ಲೆಲ್ಲ ಅವರು ನಿದ್ದೆಯನ್ನೇ ಮಾಡುತ್ತಿದ್ದರು. ಟೈರಿನ ಸುಖಕ್ಕೆ ನಿದ್ದೆ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ.

ಹೂಮಳೆ ಬಿದ್ದು ಕಾಫಿತೋಟವೆಲ್ಲ ಹೂಬಿಟ್ಟು ಬಿಳಿಯಾಗಿದ್ದ ವಾರ ಅಕ್ಕ ಹೋದರು. ಆಸ್ಪತ್ರೆಯಲ್ಲೇ, ಯಂತ್ರಕ್ಕೆ ಹಾಕಿದ್ದಾಗಲೇ ಬಿಪಿ ಇಳಿಯಿತು, ಮತ್ತೆ ಏರಲಿಲ್ಲ. ಅವರನ್ನು ಆಂಬುಲೆನ್ಸಿನಲ್ಲಿ ಮಲಗಿಸಿದರು, ಮೂಡಿಗೆರೆಯಿಂದ ಓಡಿಬಂದ ಮಗಳು ಅದರಲ್ಲಿ ಕೂತಳು. ನಾನು ಹಿಂದೆ ಕಾರಿನಲ್ಲಿ. ಆಂಬುಲೆನ್ಸಿನವನಿಗೆ ಎಂಥದೋ ಅವಸರ, ಸಂಜೆಯ ಮಳೆಯಲ್ಲೂ ಬಿಡುಬೀಸಾಗಿ ಹೊಡೆದ. ನಾನೂ ಅಷ್ಟೇ ವೇಗದಲ್ಲಿ ಹಿಂದೆಯೇ ಹೋದೆ. ಒಂದು ತಿರುವಿನಲ್ಲಿಯೂ ಕಾರು ಜಾರಲಿಲ್ಲ. ಒದ್ದೆ ರಸ್ತೆಯನ್ನು ಕಚ್ಚಿಕೊಂಡು ಹೋಯಿತು. ದೊಡ್ಡ ಕಂಪನಿಯ ಟೈರಿಗೆ ಯಾಕೆ ಅಷ್ಟು ಬೆಲೆ ಎಂದು ನನಗೆ ಅರ್ಥವಾದದ್ದು ಆ ದಿನ. ನನಗೆ ಬೇಕಾಗಿದ್ದದ್ದು ಆ ದಾರಿ ಒಂದಿಷ್ಟು ನಿಧಾನವಾಗುವುದು. ಹಳೆಯ ಟೈರಾಗಿದ್ದರೆ ಹಿಂದುಳಿಯುತ್ತಿದ್ದೆ, ಮನೆ ತಲುಪುವುದು ತಡವಾಗುತ್ತಿತ್ತು.

ಅದಾಗಿ ಒಂದು ಮಳೆಗಾಲ ಕಳೆದಿದೆ. ಹೋದ ತಿಂಗಳು ಹಿಂದಿನ ಚಕ್ರಕ್ಕೆ ಮೊಳೆ ಚುಚ್ಚಿ ಆಲ್ದೂರಿಗೆ ಹೋದೆ. ಸಾಹೇಬರು ಪಂಕ್ಚರು ಹಾಕಿ, ಟೈರಿನ ಗೀರಿನಲ್ಲಿ ಹೆಬ್ಬೆರಳಾಡಿಸಿದರು.

"ಓಡಿದ್ದೇ ಗೊತ್ತಾಗಲ್ಲ ಅಕ್ಕ. ಇನ್ನೂ ನಾಲ್ಕು ಮಳೆಗಾಲ ನೀವು ಈ ಕಡೆ ತಲೆ ಹಾಕೋದು ಬೇಡ" ಎಂದರು. ಆಮೇಲೆ ಎಡಗಡೆಯ ಕಿಟಕಿಯೊಳಗೆ ನೋಡಿದರು. "ದೊಡ್ಡಕ್ಕ ಬಂದಿಲ್ವಾ?"

ಹೇಳಿದೆ. ಅವರು ಬಹಳ ಹೊತ್ತು ಬಟ್ಟೆಯಲ್ಲಿ ಕೈ ಒರೆಸಿಕೊಂಡರು.

"ಇದನ್ನ ಹಾಕ್ಸಿದ್ದು ಅವ್ರೇ ಅಲ್ವಾ" ಎಂದರು.

ಹೌದು ಎಂದು ಹೊರಟೆ. ಆ ತಿರುವು ಬಂತು, ಹೋಯಿತು. ಕಾರು ಜಾರಲಿಲ್ಲ, ಸದ್ದೂ ಮಾಡಲಿಲ್ಲ. ನಾಲ್ಕು ಮಳೆಗಾಲ. ಅಕ್ಕ ಬಾಗಿಲು ಹಿಡಿದು ನಿಂತು, ಹಟ ಮಾಡಿ ನನಗೆ ಕೊಡಿಸಿದ್ದು ಅದು. ಮಾತಾಡಲು ಪಕ್ಕದಲ್ಲಿ ಯಾರೂ ಇಲ್ಲದೆ ಅಷ್ಟನ್ನೂ ನಾನೊಬ್ಬಳೇ ಓಡಿಸಿ ಮುಗಿಸಬೇಕು.