ಖಾಲಿ ಗಾಜಿನೊಳಗಿನ ಜ್ವರ

ಒಡದ ಥರ್ಮಾಮೀಟರಿನೊಳಗ ಪಾದರಸ ಏರೂದಿಲ್ಲ. ಏರಿತು ಅಂತ ನಾವು ನೋಡಿದ್ದು ಸುಳ್ಳು. ನಾನೂ ಸುಳ್ಳು ನೋಡಿದೆ, ನಮ್ಮ ಮಾವನವರೂ ಸುಳ್ಳು ನೋಡಿದರು. ಇದು ನನ್ನ ತೀರ್ಪು. ದೆವ್ವ, ಪವಾಡ ಇಂಥಾವನ್ನ ನಾನು ಆಗೂ ನಂಬತಿದ್ದಿಲ್ಲ, ಈಗೂ ನಂಬೂದಿಲ್ಲ. ಆದರ ಆ ಸುಳ್ಳಿನಿಂದ ನನ್ನ ಮಗಳು ಉಳದಳು. ಅದಕ್ಕ ಬರೀಲಿಕ್ಕೆ ಕೂತೀನಿ. ನನ್ನ ಸಾಲಿ ಮೂರನೇ ಇಯತ್ತೆಕ್ಕ ಮುಗೀತು. ತಪ್ಪಿದ್ದರ ನೀವ ತಿದ್ದಿಕೊಂಡು ಓದ್ರಿ.

ಎರಡನೇ ಲಡಾಯಿ ನಡದ ಕಾಲ. ನಾವು ಹಿರೇಬೆಂಡಿಗೇರಿಯೊಳಗ ಇದ್ದೆವು. ನಮ್ಮವರಿಗೆ ಹುಬ್ಬಳ್ಳಿಯೊಳಗ ನೌಕರಿ. ಮನಿಯೊಳಗ ಮಾವನವರು, ಅವರ ವಿಧವಾ ತಂಗಿ ಗೋದಕ್ಕ, ನಾನು, ನನ್ನ ಐದು ವರ್ಷದ ಮಗಳು ಇಂದಿ, ಇಷ್ಟ ಮಂದಿ. ಇಂದಿಗೆ ಚಳಿಜ್ವರ ಹತ್ತಿತು. ಸವಣೂರಿನ ಡಾಕ್ಟರು ಸಣ್ಣವರಿದ್ದಾಗ ಮಾವನವರ ಹತ್ತರ ಸಂಸ್ಕೃತ ಕಲಿತವರು. ಆ ಸಲಿಗಿಗೆ ಮನೀತನಕಾ ಬಂದು ನೋಡಿ, ಔಷಧ ಕೊಟ್ಟು, ತಮ್ಮದೊಂದು ಥರ್ಮಾಮೀಟರೂ ಬಿಟ್ಟುಹೋದರು. ನನಗ ಇಂಗ್ರಜಿ ಅಂಕಿ ಬರೂದಿಲ್ಲಂತ ನೂರಾ ನಾಕರ ಗೆರಿಗೆ ಒಂದು ಕೆಂಪು ದಾರ ಕಟ್ಟಿದರು.

"ಪಾದರಸ ಈ ದಾರ ದಾಟಿತಂದರ ತಡಾ ಮಾಡಬ್ಯಾಡ್ರಿ, ಗಾಡಿ ಹೂಡಿಸಿ ನನ್ನ ಕಡೆ ಕರಕೊಂಡು ಬರ್ರಿ. ದಾಟಲಿಲ್ಲಂದರ ಕೂಸಿನ್ನ ಗಾಡಿಯೊಳಗ ಕುಲುಕಿಸಬ್ಯಾಡ್ರಿ" ಅಂದರು.

ಗಾಡಿ ಅಂದ ಕೂಡಲೆ ನಾನು ಇಂದಿನ್ನ ಅವಚಿ ಹಿಡಕೊಂಡೆ. ಹಿಂದಿನ ವರ್ಷ ನನ್ನ ಮಗ ಅದ ಹಾದಿಯೊಳಗ, ಅದ ಗಾಡಿಯೊಳಗ, ನನ್ನ ತೊಡಿ ಮ್ಯಾಲೆ ತೀರಿಕೊಂಡಿದ್ದ.

ಗೋದಕ್ಕನದು ಭಾರೀ ಮಡಿ. ಬಾಯೊಳಗ ಇಟ್ಟು ತಗದ ಗಾಜು ಎಂಜಲು. "ಯಾವ್ಯಾವ ಊರವರ ಬಾಯಾಗ ಹೊಕ್ಕು ಬಂದದೋ ಈ ವಿಲಾಯಿತಿ ಕಡ್ಡಿ" ಅಂತ ಬೈಕೋತ, ಪ್ರತಿ ಸಲ ತಾವ ಅದಕ್ಕ ಹುಣಸಿಹಣ್ಣು ಹಚ್ಚಿ ತೊಳದು ಡಬ್ಬಿಯೊಳಗ ಇಡತಿದ್ದರು. "ಗೋದೂ, ನಿನ್ನ ಹುಣಸಿಹಣ್ಣಿಗೆ ಅಂಜಿ ಜ್ವರ ತಾನ ಓಡಿಹೋಗತದ ನೋಡು" ಅಂತ ಮಾವನವರು ಕಾಡತಿದ್ದರು.

ಅವತ್ತು ದ್ವಾದಶಿ. ಊಟ ಮುಗದು ಹೊತ್ತು ಇಳೀಲಿಕ್ಕೆ ಹತ್ತಿತ್ತು. ಇಂದಿ ಕಣ್ಣು ಮುಚ್ಚಿ ಮಲಗಿದ್ದಳು. ಕೈಕಾಲು ಬಾವಿ ನೀರಿನಂಗ ತಣ್ಣಗ. ಗೋದಕ್ಕ ಆಕಿ ಅಂಗಾಲು ಮುಟ್ಟಿ, "ಜ್ವರ ಬಿಟ್ಟದ ತಗೋ. ಆ ಕಡ್ಡಿ ತಗೀಬ್ಯಾಡ, ಮಲಗಲಿ ಕೂಸು" ಅಂದರು. ಎರಡು ಸಲ ಅಂದರು. ನನಗೂ ಅಷ್ಟ ಬೇಕಾಗಿತ್ತು. ಆದರ ಜೀವ ತಡೀಲಿಲ್ಲ. ಹುಡುಗಿ ಬಾಯಿ ತಗೀಲಿಲ್ಲಂತ ಕಡ್ಡಿ ಬಗಲೊಳಗ ಇಟ್ಟೆ. ತಗದು ಕಿಟಕಿ ಬೆಳಕಿಗೆ ಹಿಡದೆ. ಬೆಳ್ಳಿ ಗೆರಿ ಕೆಂಪು ದಾರ ದಾಟಿ ನಿಂತಿತ್ತು.

ಮಾವನವರ ಕಡೆ ಒಯ್ದೆ. ಅವರು ಮೂಗಿನ ಮ್ಯಾಲೆ ಚಾಳೀಸು ಏರಿಸಿ, ತಿರುವಿ ತಿರುವಿ ನೋಡಿ, "ನೂರಾ ಐದು" ಅಂದರು. ಅಂಗಳಕ್ಕ ಹೋಗಿ ಆಳಿನ್ನ ಕರದರು. "ಫಕೀರಪ್ಪಾ, ಗಾಡಿ ಹೂಡೋ."

"ಈ ಬಿಸಲಾಗ ಏನ್ರಿ, ಯಜಮಾನ್ರ?"

"ಬಿಸಲಿಗೆ ನೀ ಏನೂ ಕರಗೂದಿಲ್ಲ. ಹೂಡು."

ಗೋದಕ್ಕನ ಮಾರಿ ಬಿಳಚಿತ್ತು. ಗಾಡಿ ಹತ್ತಿ ಹುಡುಗಿ ಕಾಲು ತೊಡಿ ಮ್ಯಾಲೆ ತಗೊಂಡರು. ಮಾವನವರು ಮುಂದ ಫಕೀರಪ್ಪನ ಹತ್ತರ ಕೂತರು. ನಾನು ಹಾದಿಯುದ್ದಕ್ಕೂ ಮಗಳ ಮೂಗಿನ ಹತ್ತರ ಬೆರಳು ಹಿಡಕೊಂಡು ಕೂತಿದ್ದೆ. ಉಸರು ತಾಗಿದಾಗ ನಾನೂ ಉಸರು ಬಿಡತಿದ್ದೆ. ಮಗ ಹೋದ ಜಾಗಾ ಬಂದಾಗ ಆ ಕಡೆ ನೋಡಲಿಲ್ಲ.

ಸವಣೂರಿನೊಳಗ ಡಾಕ್ಟರು ತಮ್ಮ ಬ್ಯಾರೆ ಥರ್ಮಾಮೀಟರು ಇಟ್ಟು ನೋಡಿದರು. ನೂರಾ ಐದು. ಕ್ವಿನೈನಿನ ಸೂಜಿ ಹಾಕಿದರು. "ಮುಂಜಾನೀತನಕಾ ಕಾದಿದ್ದರ ನನ್ನ ಕೈಯೊಳಗ ಏನೂ ಇರತಿದ್ದಿಲ್ಲ" ಅಂದರು. ಆಮ್ಯಾಲೆ ನಾನು ಅವರ ಡಬ್ಬಿ ತಿರುಗಿ ಕೊಟ್ಟೆ. ಅವರು ಗಾಜು ತಗದು ಕಂದೀಲಿಗೆ ಹಿಡದರು.

"ಇದನ್ನ ನೋಡಿ ಬಂದ್ರೇನು? ಬುಡ ಬಿರುಕು ಬಿಟ್ಟದಲ್ಲರೀ. ಇದರೊಳಗ ಪಾದರಸನ ಇಲ್ಲ."

ಗಾಡಿಯೊಳಗ ಒಡದಿರಬೇಕು ಅಂದೆ. ಡಾಕ್ಟರು ಡಬ್ಬಿ ಬೋರಲು ಮಾಡಿ ತಟ್ಟಿದರು. ಪಾದರಸದ ಒಂದು ಹನಿ ಬೀಳಲಿಲ್ಲ. ಗೋದಕ್ಕ ನನ್ನ ಕೈ ಹಿಡಕೊಂಡರು. "ಮುಂಜಾನೆ ಒಡದದವಾ. ದ್ವಾದಶಿ ದಿವಸ ತಣ್ಣೀರು ಸಾಲೂದಿಲ್ಲಂತ ಹಂಡೇದ ಕುದಿನೀರು ಸುರುವಿದೆ. ಚಟ್ ಅಂತು. ಒಳಗಿಂದು ಕಾಳು ಕಾಳಾಗಿ ಉರುಳಿ ಬಚ್ಚಲಾ ಸೇರಿತು. ಅಣ್ಣ ಬೈತಾನಂತ ಹಂಗ ಡಬ್ಬಿಯೊಳಗ ಇಟ್ಟೆ."

ಮಾವನವರು ಚಾಳೀಸು ತಗದು ಧೋತರದಿಂದ ಒರಸಿಕೋತ ಕೂತರು.

ಅಂಜಿದ ಕಣ್ಣಿಗೆ ಏನಾರ ಕಾಣತದ ಅಂತೀರಿ. ನನಗ ಬ್ಯಾಡಾದದ್ದು ಯಾಕ ಕಾಣಬೇಕು? ಮಾವನವರು ಅಂಕಿ ಓದಿದರಲ್ಲ, ಅದೆಲ್ಲಿಂದ ಬಂತು? ಅವರು ಸಾಯೂತನಕಾ ಆ ಮಾತು ಎತ್ತಲಿಲ್ಲ. ನಾನು ಎತ್ತಿದರ, "ಹುಡುಗಿ ಅದಾಳಲ್ಲ, ಸಾಕು ಮಾಡು" ಅಂತಿದ್ದರು. ನನ್ನ ತೀರ್ಪು ಮೊದಲ ಬರದೀನಿ. ಬರದ ಮ್ಯಾಲೂ ನನಗ ಸಮಾಧಾನ ಇಲ್ಲ.

ಮರುದಿವಸ ಮುಂಜಾನೆ ಇಂದಿ ಕಣ್ಣು ತಗದು ನೀರು ಬೇಡಿದಳು. ಕುಡಿಸಿದೆ. ಆಮ್ಯಾಲೆ ಡಾಕ್ಟರ ಮೇಜಿನ ಮ್ಯಾಲಿದ್ದ ಆ ಖಾಲಿ ಗಾಜು ತಗೊಂಡು ನನ್ನ ಬಗಲೊಳಗ ಇಟ್ಟುಕೊಂಡು, ಗ್ವಾಡಿ ಕಡೆ ಮಾರಿ ಮಾಡಿ ಕೂತೆ. ತಗದು ಬೆಳಕಿಗೆ ಹಿಡದೆ. ಏನೂ ಇದ್ದಿಲ್ಲ. ಹಿತ್ತಲಕ್ಕ ಹೋಗಿ ಅದನ್ನ ತಣ್ಣೀರಿನೊಳಗ ತೊಳದೆ, ಸೆರಗಿನಿಂದ ಒರಸಿದೆ, ಡಬ್ಬಿಯೊಳಗ ಹಾಕಿ ಮುಚ್ಚಿ ಇಟ್ಟೆ.